ಬೇಳೆ ಬೇಯದ ಊರಿನ ನೀರಿನ ಲೆಕ್ಕ

ನಮ್ಮ ಕೋಲಾರದವರು ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋದರೆ ಬಚ್ಚಲಿನಿಂದ ಒಂದು ದೂರು ಬಂದೇ ಬರುತ್ತದೆ. "ಎಷ್ಟು ನೀರು ಹುಯ್ಕೊಂಡ್ರೂ ಸೋಪು ಹೋಗ್ತಾನೇ ಇಲ್ಲ!" ಮೈಯೆಲ್ಲ ಜಾರು ಜಾರು. ಇನ್ನೂ ನಾಲ್ಕು ಚೊಂಬು ಸುರಿದುಕೊಂಡು, ಸಾಕಾಗಿ ಹೊರಗೆ ಬರುತ್ತಾರೆ. ಅಲ್ಲಿಯವರು ನಮ್ಮೂರಿಗೆ ಬಂದಾಗ ಕಥೆ ಉಲ್ಟಾ. ಸೋಪು ಉಜ್ಜಿ ಉಜ್ಜಿ ಕೈ ಸೋಲುತ್ತದೆ, ನೊರೆ ಮಾತ್ರ ಬರುವುದಿಲ್ಲ.

ಇದರಲ್ಲಿ ನಾವು ಮೋಸ ಹೋಗಿರುವ ವಿಷಯ ಒಂದಿದೆ. ನಮ್ಮೂರ ನೀರಲ್ಲಿ ಸ್ನಾನ ಮಾಡಿದಾಗ ಮೈ ಒರಟಾಗಿ, ಬೆರಳು ಎಳೆದರೆ ಕಿರ್ ಅನ್ನುವ ಹಾಗಿರುತ್ತದೆ. ಸೋಪೆಲ್ಲ ತೊಳೆದು ಹೋಯಿತು ಅಂತ ನಮಗೆ ಸಮಾಧಾನ. ನಿಜವಾಗಿ ಅದು ಹೋಗಿರುವುದಿಲ್ಲ. ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ, ನೀರಲ್ಲಿ ಕರಗದ ತೆಳು ಪೊರೆಯಾಗಿ ಚರ್ಮದ ಮೇಲೆ ಕೂತಿರುತ್ತದೆ. ಬಕೆಟ್ಟಿನ ಅಂಚಿಗೆ ಬೂದು ಬಣ್ಣದಲ್ಲಿ ಅಂಟಿಕೊಳ್ಳುವುದೂ ಇದೇ. ತೀರ್ಥಹಳ್ಳಿಯಲ್ಲಿ ಸೋಪು ಬೇಗನೆ ಹೋಗಿತ್ತು. ಜಾರುತ್ತಿದ್ದದ್ದು ನಮ್ಮ ಚರ್ಮ.

ಇದಕ್ಕೆ ಪುಸ್ತಕದ ಹೆಸರು ಗಡಸು ನೀರು. ನಮ್ಮ ಕಡೆ ಮನೆಮಾತಲ್ಲಿ ಉಪ್ಪು ನೀರು ಅನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ, ಯಾಕೆಂದರೆ ಇದು ಅಡುಗೆ ಉಪ್ಪಿನ ವಿಷಯ ಅಲ್ಲ. ಗಡಸುತನ ಅಂದರೆ ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಸುಣ್ಣದಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂತ ಲೆಕ್ಕ ಹಾಕುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2012ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ 200 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು. ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳು ಬದುಕುತ್ತಿರುವುದು ಈ 'ಗತಿಯಿಲ್ಲದಿದ್ದರೆ' ಅನ್ನುವ ಅವಕಾಶದಲ್ಲೇ.

ಸುಣ್ಣದಕಲ್ಲಿನ ಗುಡ್ಡಗಳಿರುವ ಸೀಮೆಯಲ್ಲಿ ನೀರು ಗಡಸಾದರೆ ಅರ್ಥವಾಗುತ್ತದೆ. ಕೋಲಾರದಲ್ಲಿ ಇರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಇಲ್ಲಿಗೆ ಸುಣ್ಣ ಎಲ್ಲಿಂದ ಬಂತು? ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳು, ಕೊಳೆಯುವ ಎಲೆಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸೋಡಾ ಬಾಟಲಿಯಲ್ಲಿರುವ ಹುಳಿಯೇ, ಆದರೆ ತೀರಾ ಸಪ್ಪೆ. ಆ ನೀರು ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ನಿಧಾನಕ್ಕೆ ತಿನ್ನುತ್ತದೆ. ಅದರಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಜೊತೆಗೆ ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಉಂಡೆಗಳನ್ನು ನೋಡಿದ್ದೀರಲ್ಲ, ಅವೂ ಕರಗುತ್ತವೆ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದರ ಮೇಲೆ ಸುಡುವ ಬಿಸಿಲು. ನೀರು ಆವಿಯಾಗಿ ಹೋಗುತ್ತದೆ, ಲವಣ ಮಣ್ಣಲ್ಲೇ ಉಳಿಯುತ್ತದೆ. ಮಲೆನಾಡಿನಲ್ಲಿ ಇದರ ಹಲವು ಪಟ್ಟು ಮಳೆ ಸುರಿದು ಸಾವಿರಾರು ವರ್ಷಗಳಿಂದ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ಅಲ್ಲಿ ಕರಗಲು ಜಾಸ್ತಿ ಏನೂ ಉಳಿದಿಲ್ಲ.

ಕಾಲವೂ ಒಂದು ಕಾರಣ. ತೋಡುಬಾವಿಯ ನೀರು ಹೋದ ಮಳೆಗಾಲದ್ದೋ ಅದರ ಹಿಂದಿನದ್ದೋ ಆಗಿರುತ್ತಿತ್ತು. ಈಗ ಸಾವಿರ, ಸಾವಿರದ ಇನ್ನೂರು ಅಡಿಯ ಬೋರಿನಲ್ಲಿ ಬರುವುದು ಬಂಡೆಯ ಬಿರುಕಿನಲ್ಲಿ ಎಷ್ಟೋ ಕಾಲ ಕೂತಿದ್ದ ನೀರು. ಕಲ್ಲಿನ ಜೊತೆ ಹೆಚ್ಚು ದಿನ ಸಂಸಾರ ಮಾಡಿದ ನೀರಿಗೆ ಕಲ್ಲಿನ ಗುಣ ಬರುತ್ತದೆ. ಜಿಲ್ಲೆಯ ತಾಲ್ಲೂಕುಗಳೆಲ್ಲ ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ 'ಅತಿ ಬಳಕೆ' ಪಟ್ಟಿಯಲ್ಲಿವೆ. ಅಂದರೆ ಮಳೆ ತುಂಬುವುದಕ್ಕಿಂತ ನಾವು ಎತ್ತುವುದೇ ಹೆಚ್ಚು.

ಇನ್ನು ಮನೆಯೊಳಗೆ ಬರೋಣ. ಮೊದಲು ಅಡುಗೆಮನೆ.

ತೊಗರಿಬೇಳೆ ಕುಕ್ಕರಿನಲ್ಲಿ ಐದು ವಿಶಲ್ ಕೂಗಿದರೂ ಕಾಳು ಕಾಳಾಗಿ ಉಳಿಯುವುದು ನಮ್ಮೂರಲ್ಲಿ ಹೊಸದಲ್ಲ. ಅಂಗಡಿಯವನು ಹಳೇ ಬೇಳೆ ಕೊಟ್ಟ ಅಂತ ಬೈಯುತ್ತೇವೆ. ಕೆಲವು ಸಲ ಅದೂ ನಿಜ. ಆದರೆ ಕಾಳಿನ ಜೀವಕೋಶಗಳನ್ನು ಅಂಟಿನ ಹಾಗೆ ಹಿಡಿದಿಡುವ ಪೆಕ್ಟಿನ್ ಎಂಬ ಪದಾರ್ಥ ಇದೆ. ಬೇಯುವುದು ಅಂದರೆ ಆ ಅಂಟು ಬಿಡುವುದು. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಹೋಗಿ ಪೆಕ್ಟಿನ್‌ಗೆ ಕಟ್ಟಿಕೊಂಡು ಅಂಟನ್ನು ಇನ್ನೂ ಬಿಗಿ ಮಾಡುತ್ತದೆ. ಹುರುಳಿಕಾಳು, ಒಣ ಅವರೆ, ಕಡಲೆಕಾಳಿಗೆ ಇದರ ಹೊಡೆತ ಇನ್ನೂ ಜಾಸ್ತಿ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮೆತ್ತಗಾಗುತ್ತದೆ, ಯಾಕೆಂದರೆ ಸೋಡಾ ಕ್ಯಾಲ್ಸಿಯಂ ಅನ್ನು ಪಕ್ಕಕ್ಕೆ ಸರಿಸಿ ಪೆಕ್ಟಿನ್ ಕರಗಲು ಬಿಡುತ್ತದೆ. ಬೆಲೆ ಏನು ಅಂದರೆ ಕಾಳಿನ ಬಿ1 ವಿಟಮಿನ್ ಒಂದಷ್ಟು ನಾಶವಾಗುತ್ತದೆ, ಸಾರಿಗೆ ಸೋಡಾ ವಾಸನೆ ಹತ್ತುತ್ತದೆ. ನಮ್ಮಜ್ಜಿ ಸೋಡಾ ಡಬ್ಬಿ ಮುಟ್ಟುತ್ತಿರಲಿಲ್ಲ. ಮಳೆ ಶುರುವಾದರೆ ಸೂರಿನ ಕೆಳಗೆ ಹಿತ್ತಾಳೆ ಕೊಳದಪ್ಪಲೆ ಇಡುತ್ತಿದ್ದರು. "ಬೇಳೆಗೆ ಮಳೆ ನೀರೇ ಸರಿ" ಅನ್ನುತ್ತಿದ್ದರು. ನಾವು ಹುಡುಗರು ಅದನ್ನು ಹಳೇ ಕಾಲದವರ ಹಟ ಅಂದುಕೊಂಡಿದ್ದೆವು.

ಬಟ್ಟೆಯ ಲೆಕ್ಕ ನೋಡಿ. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇದೆ ಅಂತ ಇಟ್ಟುಕೊಳ್ಳೋಣ. 20 ಲೀಟರಿನ ಒಂದು ಬಕೆಟ್ಟಿನಲ್ಲಿ 10 ಗ್ರಾಂ ಆಯಿತು. ರಸಾಯನಶಾಸ್ತ್ರದ ಪ್ರಕಾರ ಒಂದು ಗ್ರಾಂ ಗಡಸುತನ ಸುಮಾರು ಆರು ಗ್ರಾಂ ಸೋಪನ್ನು ನುಂಗುತ್ತದೆ. ಅಂದರೆ ಆ ಬಕೆಟ್ಟಲ್ಲಿ ಬರೀ ಸೋಪಿನಿಂದ ನೊರೆ ಎಬ್ಬಿಸಬೇಕಾದರೆ ಮೊದಲ 60 ಗ್ರಾಂ ಸೋಪು ಕೊಳೆಗೆ ಅಲ್ಲ, ನೀರಿಗೇ ಆಹುತಿ. ಡಿಟರ್ಜೆಂಟ್ ಪುಡಿ ಬಂದ ಮೇಲೆ ಈ ಕಷ್ಟ ಕಡಿಮೆಯಾಗಿದೆ. ಅದರಲ್ಲಿ ಗಡಸುತನವನ್ನು ಹಿಡಿದಿಡುವ ಸೋಡಾ, ಜಿಯೋಲೈಟ್ ತರಹದ ವಸ್ತು ಬೆರೆಸಿರುತ್ತಾರೆ. ಆದರೂ ಚಮಚದ ಲೆಕ್ಕ ಏರುತ್ತದೆ. ಬಿಳಿ ಅಂಗಿ ಆರು ತಿಂಗಳಿಗೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಟವೆಲ್ಲು ಹಪ್ಪಳವಾಗುತ್ತದೆ.

ಸೀಗೆಕಾಯಿ ಮತ್ತು ಅಂಟುವಾಳದ ನೆನಪು ಇಲ್ಲಿ ಬರಲೇಬೇಕು. ಅವುಗಳ ನೊರೆ ಸಪೋನಿನ್ ಎಂಬ ಪದಾರ್ಥದಿಂದ ಬರುವಂಥದ್ದು. ಸೋಪಿನ ಹಾಗೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುವುದಿಲ್ಲ. ಗಡಸು ನೀರಿನ ಸೀಮೆಯಲ್ಲೂ ಸೀಗೆಪುಡಿಯಿಂದ ತಲೆಕೂದಲು ಶುದ್ಧವಾಗುತ್ತಿದ್ದುದಕ್ಕೆ ಕಾರಣ ಇದು. ಹಾಗಂತ ಎಲ್ಲರೂ ಸೀಗೆಕಾಯಿಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ಕಣ್ಣುರಿ ಅನುಭವಿಸಿದವನಿಗೆ ಅದು ಗೊತ್ತು.

ಗೀಸರ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೆಚ್ಚು ದುಡ್ಡು ಹೋಗುವುದು ಅಲ್ಲೇ. ನಮ್ಮ ಮನೆಯ ಗೀಸರಿನ ಕಾಯಿಲ್ ಎರಡನೇ ಸಲ ಸುಟ್ಟಾಗ ಪ್ಲಂಬರ್ ಅದನ್ನು ಬಿಚ್ಚಿ ನೆಲಕ್ಕೆ ಬಗ್ಗಿಸಿದ. ಬಿಳಿ ಚೂರುಗಳು ದಬದಬ ಉದುರಿದವು. ಮೊಟ್ಟೆ ಸಿಪ್ಪೆ ದಪ್ಪ ಮಾಡಿದ ಹಾಗೆ. "ಸಾ, ಮಿಷಿನ್ ತಪ್ಪಲ್ಲ ಇದು, ನೀರಿಂದು" ಅಂದ. ಅವನ ಮಾತು ಸರಿ. ಉಪ್ಪು, ಸಕ್ಕರೆ ಬಿಸಿನೀರಲ್ಲಿ ಜಾಸ್ತಿ ಕರಗುತ್ತವೆ. ಈ ಸುಣ್ಣ ಅದರ ಉಲ್ಟಾ ಜಾತಿ. ನೀರು ಬಿಸಿಯಾದಷ್ಟೂ ಸುಣ್ಣವನ್ನು ಕರಗಿದ ರೂಪದಲ್ಲಿ ಇಟ್ಟಿರುವ ಬೈಕಾರ್ಬೊನೇಟ್ ಒಡೆದು, ಸುಣ್ಣ ಹೊರಗೆ ಬಿದ್ದು, ಅತಿ ಬಿಸಿ ಇರುವ ಜಾಗಕ್ಕೇ ಹತ್ತುತ್ತದೆ. ಆ ಜಾಗ ಕಾಯಿಲ್. ದಿನಕ್ಕೆ 100 ಲೀಟರ್ ಬಿಸಿನೀರು ಬಳಸುವ ಮನೆಯಲ್ಲಿ, ಅದೇ 500ರ ಲೆಕ್ಕದಲ್ಲಿ, ದಿನಕ್ಕೆ 50 ಗ್ರಾಂ ಗಡಸುತನ ಗೀಸರ್ ಒಳಗೆ ಹಾದು ಹೋಗುತ್ತದೆ. ವರ್ಷಕ್ಕೆ 18 ಕೆಜಿ. ಅದರಲ್ಲಿ ಹತ್ತರಲ್ಲೊಂದು ಪಾಲು ಒಳಗೇ ಕೂತರೂ ಸುಮಾರು ಎರಡು ಕೆಜಿ ಸುಣ್ಣ.

ಇಲ್ಲಿ ಜಾಹೀರಾತಿನವರು ಒಂದು ಮಾತು ಸೇರಿಸುತ್ತಾರೆ. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಅಂತ. ಎಲೆಕ್ಟ್ರಿಕ್ ಗೀಸರಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿದೆ. ಅದರ ಬಿಸಿ ತಡವಾಗಿಯಾದರೂ ನೀರಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ಆಗುವುದೇನೆಂದರೆ ಸುಣ್ಣದ ಕಂಬಳಿ ಹೊದ್ದ ಕಾಯಿಲ್ ತಾನೇ ವಿಪರೀತ ಕಾದು ಸುಟ್ಟುಹೋಗುತ್ತದೆ. ನಷ್ಟ ಬಿಲ್ಲಿನಲ್ಲಿ ಅಲ್ಲ, ರಿಪೇರಿಯಲ್ಲಿ. ಗ್ಯಾಸ್ ಗೀಸರ್ ಕಥೆ ಬೇರೆ. ಅಲ್ಲಿ ಉರಿ ಹೊರಗಿರುವುದರಿಂದ ಸುಣ್ಣದ ಪದರ ಬಿಸಿಯನ್ನು ತಡೆಯುತ್ತದೆ, ಗ್ಯಾಸ್ ವ್ಯರ್ಥವಾಗುತ್ತದೆ. ಸೋಲಾರ್‌ನ ಗಾಜಿನ ಕೊಳವೆಗಳಲ್ಲೂ ಸುಣ್ಣ ಸೇರಿಕೊಳ್ಳುತ್ತದೆ, ವರ್ಷ ಕಳೆದಂತೆ ನೀರು ಉಗುರು ಬೆಚ್ಚಗೆ ಮಾತ್ರ ಬರುತ್ತದೆ.

ಗೀಸರಿಗೆ ಮಾಡಬಹುದಾದದ್ದು ಸರಳ. 70 ಡಿಗ್ರಿಗೆ ತಿರುಗಿಸಿಟ್ಟು ತಣ್ಣೀರು ಬೆರೆಸುವ ಬದಲು ಥರ್ಮೋಸ್ಟಾಟ್ 55ರ ಹತ್ತಿರ ಇಡಿ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ. ಒಳಗೆ ಮೆಗ್ನೀಷಿಯಂ ಕಡ್ಡಿ ಒಂದಿರುತ್ತದೆ, ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ತಾನು ಸವೆಯುವ ಕಡ್ಡಿ. ಅದು ಮುಗಿದಿದ್ದರೆ ಬದಲಿಸಲು ಹೇಳಿ. ಶವರ್, ನಲ್ಲಿಗಳ ಸುಣ್ಣಕ್ಕೆ ನಿಂಬೆಹುಳಿ ಅಥವಾ ವಿನೆಗರ್ ಸಾಕು, ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಉದುರುತ್ತದೆ. ಹಲವರು ಟಾಯ್ಲೆಟ್ ಆಸಿಡ್ ತಂದು ಎಲ್ಲದಕ್ಕೂ ಸುರಿಯುತ್ತಾರೆ. ಅದು ಸುಣ್ಣದ ಜೊತೆ ಮಾರ್ಬಲ್ ಮತ್ತು ಮೊಸಾಯಿಕ್ ನೆಲವನ್ನೂ ತಿನ್ನುತ್ತದೆ, ಯಾಕೆಂದರೆ ಅವೂ ಅದೇ ಸುಣ್ಣದ ಜಾತಿ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಮಾತ್ರ ಬೀಳಬಾರದು. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ತಮಾಷೆಯಲ್ಲ.

ಈಗ ಎಲ್ಲರ ಮನಸ್ಸಲ್ಲಿರುವ ಪ್ರಶ್ನೆ. ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತಾ?

ಗೀಸರಿನಿಂದ ಉದುರಿದ ಚೂರು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹೊಟ್ಟೆ ಗೀಸರ್ ಅಲ್ಲ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹಾಗಾಗಿ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿ ಅಂತ ಕಲ್ಲಾದವರಿಗೂ ವೈದ್ಯರು ಸಾಮಾನ್ಯವಾಗಿ ಹೇಳುವುದಿಲ್ಲ. ಇನ್ನೊಂದು ಹೋಲಿಕೆ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 500ರ ಗಡಸುತನದಲ್ಲಿ ಅರ್ಧ ಪಾಲು ಮೆಗ್ನೀಷಿಯಂ ಅಂತ ಹಿಡಿದರೆ ಒಂದು ಲೀಟರ್ ನೀರಲ್ಲಿ ಸಿಗುವುದು 100 ಮಿಲಿಗ್ರಾಂ. ದಿನವೆಲ್ಲ ಮೂರು ಲೀಟರ್ ಕುಡಿದರೂ ಒಂದು ದೊಡ್ಡ ಮುದ್ದೆಯ ಸಮ ಆಗಲಿಲ್ಲ. ಮುದ್ದೆಗೆ ಹೆದರದವರು ನೀರಿಗೆ ಹೆದರುವುದು ಯಾಕೆ? ನಮ್ಮ ಸೀಮೆಯಲ್ಲಿ ಕಲ್ಲಿನ ತೊಂದರೆಗೆ ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವುದು ಇದಕ್ಕಿಂತ ದೊಡ್ಡ ಕಾರಣ. ನೀರು ಉಪ್ಪು ಅಂತ ಕುಡಿಯುವುದನ್ನೇ ಕಡಿಮೆ ಮಾಡಿದರೆ ಆಗ ನಿಜವಾಗಿ ಕಲ್ಲಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಮಿತಿಯನ್ನೇ ಹಾಕಿಲ್ಲ.

ಚರ್ಮ, ಕೂದಲಿನ ವಿಷಯ ಇಷ್ಟು ಸ್ಪಷ್ಟವಿಲ್ಲ. ಒಣ ಚರ್ಮದವರಿಗೆ ಆ ಸೋಪಿನ ಪೊರೆ ಕಿರಿಕಿರಿ ಮಾಡುತ್ತದೆ, ಅದು ಅನುಭವದ ಮಾತು. ಆದರೆ ಇಂಗ್ಲೆಂಡಿನಲ್ಲಿ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ 336 ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆದು, 2011ರಲ್ಲಿ ಫಲಿತಾಂಶ ಬಂತು. ಮನೆಗೆ ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರ ಹಾಕಿಸಿದ ಮಕ್ಕಳಿಗೂ ಹಾಕಿಸದವರಿಗೂ ಕಾಯಿಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೂದಲು ಒರಟಾಗುವುದು, ಮಂಕಾಗುವುದು ನಿಜ. ಬುಡದಿಂದ ಉದುರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಕೂದಲು ಉದುರಲು ರಕ್ತಹೀನತೆ, ಥೈರಾಯ್ಡ್, ವಂಶ ಹೀಗೆ ನೂರು ಕಾರಣ ಇರುತ್ತವೆ, ಸಿಕ್ಕಿಹಾಕಿಕೊಳ್ಳುವುದು ಮಾತ್ರ ನಲ್ಲಿ.

ಅಂದರೆ ನಮ್ಮೂರ ಗಡಸು ನೀರು ಕಾಯಿಲೆಗಿಂತ ಹೆಚ್ಚಾಗಿ ಒಂದು ಖರ್ಚು. ಆ ಖರ್ಚು ನೀರಿನ ಬಿಲ್ಲಿನಲ್ಲಿ ಬರುವುದಿಲ್ಲ. ಕಾಯಿಲ್, ಪುಡಿ, ಗ್ಯಾಸ್, ಕ್ಯಾನ್ ನೀರು ಅಂತ ಚಿಲ್ಲರೆ ಚಿಲ್ಲರೆಯಾಗಿ ಹೋಗುತ್ತದೆ. ಈ ಹೆದರಿಕೆಯ ಮೇಲೆ ವ್ಯಾಪಾರವೂ ನಡೆಯುತ್ತದೆ.

ನಮ್ಮ ಮನೆಗೊಬ್ಬ ಯಂತ್ರ ಮಾರುವ ಹುಡುಗ ಬಂದಿದ್ದ. ಎರಡು ಲೋಟ ಇಟ್ಟ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಬಾಟಲಿಯಲ್ಲಿದ್ದ, ಲವಣ ಸೋಸಿ ತೆಗೆಯುವ ಯಂತ್ರದ ಆರ್‌ಒ ನೀರು. ಕಬ್ಬಿಣದ ಕಡ್ಡಿಗಳಿರುವ ಸಣ್ಣ ಸಾಧನವನ್ನು ಎರಡರಲ್ಲೂ ಮುಳುಗಿಸಿ ಸ್ವಿಚ್ ಹಾಕಿದ. ಒಂದೇ ನಿಮಿಷ, ನಮ್ಮ ನೀರು ಚರಂಡಿ ಬಣ್ಣಕ್ಕೆ ತಿರುಗಿತು. ಅವನದು ತಿಳಿಯಾಗೇ ಇತ್ತು. "ನೋಡಿ ಆಂಟಿ, ಇದನ್ನೇ ನೀವು ಕುಡೀತಿರೋದು" ಅಂದ. ಅಮ್ಮ ಬೆಚ್ಚಿಬಿದ್ದರು. ಅಸಲಿಗೆ ಆ ಕಂದು ಬಣ್ಣ ನಮ್ಮ ನೀರಿನದಲ್ಲ, ಅವನ ಕಡ್ಡಿಯ ತುಕ್ಕು. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗುತ್ತದೆ. ಲವಣ ಇಲ್ಲದ ನೀರಲ್ಲಿ ಕರೆಂಟ್ ಹರಿಯುವುದಿಲ್ಲ, ಅಷ್ಟೆ. ಎಳನೀರಿಗೆ ಆ ಕಡ್ಡಿ ಅದ್ದಿ ಅಂದೆ. ಹುಡುಗ ನಕ್ಕು ಸಾಮಾನು ಕಟ್ಟಿಕೊಂಡ.

ಆರ್‌ಒ ಬೇಡವೇ ಬೇಡ ಅಂತಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ಕಡೆ ಆರ್‌ಒ ನಿಷೇಧಿಸಬೇಕು ಅಂದಿತ್ತು. ಬೋರ್ ನೀರು ಎಷ್ಟೋ ಕಡೆ ಆ ಗೆರೆ ದಾಟಿಯೇ ಇರುತ್ತದೆ. ತಕರಾರು ಇರುವುದು ಹೊರಗೆ ಬಿಡುವ ನೀರಿನ ಬಗ್ಗೆ. ಮನೆಯ ಯಂತ್ರಗಳು ಸಾಮಾನ್ಯವಾಗಿ ಮೂರು ಲೀಟರ್ ಒಳಗೆ ತೆಗೆದುಕೊಂಡು ಒಂದು ಲೀಟರ್ ಕೊಡುತ್ತವೆ. ಉಳಿದ ಎರಡು ಲೀಟರಿಗೆ ಮೂರೂ ಲೀಟರಿನ ಸುಣ್ಣ ಸೇರಿ 500 ಇದ್ದದ್ದು 750ರ ಹತ್ತಿರ ಹೋಗುತ್ತದೆ. ಅದು ಮೋರಿಗೆ. ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲೂ ನಡೆಯುವುದು ಇದೇ. ಮುಂದೆ ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಕ್ಯಾನ್ ತುಂಬುತ್ತದೆ, ಹಿಂದೆ ಪೈಪಿನಲ್ಲಿ ಅದಕ್ಕಿಂತ ಜಾಸ್ತಿ ನೀರು ಹರಿದು ಹೋಗುತ್ತದೆ. ಸಾವಿರ ಅಡಿಯಿಂದ ಎತ್ತಿದ ನೀರು! ಮನೆಯಲ್ಲಾದರೆ ಆ ಪೈಪನ್ನು ಬಕೆಟ್ಟಿಗೆ ಬಿಟ್ಟು ಟಾಯ್ಲೆಟ್ಟಿಗೆ ಬಳಸಬಹುದು. ಗಿಡಗಳಿಗೆ ನಿತ್ಯ ಹಾಕಬೇಡಿ, ಮಣ್ಣು ಕೆಡುತ್ತದೆ.

ಸಾಫ್ಟ್‌ನರ್ ಕೆಲಸವೇ ಬೇರೆ. ಅದು ಆರ್‌ಒ ಹಾಗೆ ನೀರನ್ನು ಎಸೆಯುವುದಿಲ್ಲ, ಕ್ಯಾಲ್ಸಿಯಂ ತೆಗೆದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಒಳಗಿನ ರೆಸಿನ್ ಮಣಿಗಳು ಸೋತಾಗ ಉಪ್ಪುನೀರಿನಿಂದ ತೊಳೆಯಬೇಕು. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಅದೇ ಲೆಕ್ಕದಲ್ಲಿ ದಿನಾ ಅರ್ಧ ಕೆಜಿ ಆಸುಪಾಸು ಉಪ್ಪು ಬೇಕು. ಇಡೀ ಬೀದಿ ಹೀಗೆ ಮಾಡಿದರೆ ಆ ಉಪ್ಪೆಲ್ಲ ಎಲ್ಲಿಗೆ ಹೋಗುತ್ತದೆ? ಮೋರಿಗೆ, ಅಲ್ಲಿಂದ ಕೆರೆಗೆ, ಅಲ್ಲಿಂದ ಮತ್ತೆ ಕೆಳಗೆ. ಸಾಫ್ಟ್‌ನರಿನಿಂದ ಬರುವ ನೀರಲ್ಲೂ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ಬಿಪಿ ಇರುವವರು ಅದನ್ನು ಕುಡಿಯಬಾರದು. ನಲ್ಲಿಗೆ ಸಿಕ್ಕಿಸುವ ಸಾವಿರ ರೂಪಾಯಿಯ ಶವರ್ ಫಿಲ್ಟರ್‌ಗಳ ಬಗ್ಗೆ ಕೇಳಿದರೆ, ಅಂಗೈಯಗಲದ ಡಬ್ಬಿಯಲ್ಲಿ ಅಷ್ಟು ಸುಣ್ಣ ಹಿಡಿಯುವ ಜಾಗವೇ ಇಲ್ಲ. ಸುಣ್ಣ ತಡೆಯುತ್ತದೆ ಅಂತ ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ನಾನಂತೂ ದುಡ್ಡು ಕೊಡಲ್ಲ.

ಈ ಎಲ್ಲ ಗಲಾಟೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ ಸಂಗತಿ ಇನ್ನೊಂದು. ಸುಣ್ಣ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಹೆದರುತ್ತೇವೆ. ನೀರಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಕಾಣುವುದಿಲ್ಲ. ರುಚಿಯೂ ಇಲ್ಲ. ಬಾಗೇಪಲ್ಲಿ, ಮುಳಬಾಗಿಲು ಕಡೆ ಹಲ್ಲು ಕಂದಾದವರನ್ನು ನೋಡಿದ್ದೇವೆ, ಅದು ಫ್ಲೋರೈಡ್ ಗುರುತು. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಗತಿಯಿಲ್ಲದಿದ್ದರೂ 1.5ಕ್ಕೆ ನಿಲ್ಲಬೇಕು. ವಿಚಿತ್ರ ಏನು ಗೊತ್ತಾ? ಕ್ಯಾಲ್ಸಿಯಂ ಜಾಸ್ತಿ ಇರುವ ನೀರಲ್ಲಿ ಫ್ಲೋರೈಡ್ ಅದರ ಜೊತೆ ಸೇರಿ ಗಸಿಯಾಗಿ ಕೆಳಗಿಳಿಯುತ್ತದೆ. ಹೀಗಾಗಿ ಫ್ಲೋರೈಡ್ ಹೆಚ್ಚಿರುವ ನೀರು ಹಲವು ಸಲ ಕ್ಯಾಲ್ಸಿಯಂ ಕಡಿಮೆ ಇರುವ ನೀರೇ ಆಗಿರುತ್ತದೆ. ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಯುತ್ತದೆ, ಊರವರು ಸಿಹಿನೀರಿನ ಬೋರು ಅಂತ ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಎಲ್ಲ ಕಡೆ ಹೀಗೇ ಅಂತಲ್ಲ. ಆದರೆ ನಾಲಿಗೆಯನ್ನು ನಂಬಿ ಬೋರು ಆರಿಸುವ ಹಾಗಿಲ್ಲ.

ನೈಟ್ರೇಟ್ ಕೂಡ ಹಾಗೇ. ಮುಳಬಾಗಿಲು ಪಟ್ಟಣದ ಅಂತರ್ಜಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದರು. ಶೌಚಾಲಯದ ಗುಂಡಿಗಳಿಂದ ಇಳಿದ ನೈಟ್ರೇಟ್ ಬಾವಿ, ಬೋರುಗಳಿಗೆ ಸೇರಿದ್ದನ್ನು ಅವರು ಗುರುತಿಸಿದರು. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಅದು ಮೀರಿದ ನೀರಲ್ಲಿ ಹಾಲುಪುಡಿ ಕಲಸಿ ಕೊಟ್ಟರೆ ಹಸುಗೂಸಿಗೆ ಅಪಾಯ. ಕುದಿಸಿದರೆ ಎಲ್ಲ ಹೋಗುತ್ತದೆ ಅನ್ನುವವರು ಇದನ್ನು ಗಮನಿಸಬೇಕು. ಕುದಿಸಿದಾಗ ರೋಗಾಣು ಸಾಯುತ್ತವೆ, ಸುಣ್ಣ ಒಂದಷ್ಟು ತಳಕ್ಕೆ ಕೂರುತ್ತದೆ. ಫ್ಲೋರೈಡ್, ನೈಟ್ರೇಟ್ ಎರಡೂ ಹಾಗೇ ಉಳಿದು, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತವೆ. ಜೇಬಿನಲ್ಲಿಡುವ ಟಿಡಿಎಸ್ ಮೀಟರ್ ಇವು ಯಾವುದನ್ನೂ ಬೇರೆ ಮಾಡಿ ಹೇಳುವುದಿಲ್ಲ. ಒಟ್ಟು ಲವಣ ಇಷ್ಟು ಅನ್ನುತ್ತದೆ, ಅಷ್ಟೆ. ಅದಕ್ಕೇ ಯಂತ್ರ ಕೊಳ್ಳುವ ಮೊದಲು ಒಂದು ಬಾಟಲಿ ನೀರನ್ನು ಜಿಲ್ಲಾ ಕೇಂದ್ರದ ನೀರು ಪರೀಕ್ಷೆ ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್ ಮೂರನ್ನೂ ಬರೆಸಿಕೊಂಡು ಬನ್ನಿ.

ಊರಿನ ಮಟ್ಟದಲ್ಲಿ ಏನಾಗುತ್ತಿದೆ? ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್‌ನಲ್ಲಿ ಮಾರ್ಕಂಡೇಯ ಹೊಳೆಗೆ ಕಟ್ಟಿದ ಅಣೆಕಟ್ಟು ವರ್ಷಗಟ್ಟಲೆ ಕುಂಟಿ, 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಅದರ ನೀರು. ಅಣೆಕಟ್ಟಿನಲ್ಲಿ ನಿಂತ ಮಳೆನೀರು ಆಳದ ಬೋರಿಗಿಂತ ಸಾಮಾನ್ಯವಾಗಿ ಮೆದು. ಗಡಸುತನ ಕಡಿಮೆ ಮಾಡುವ ಅಗ್ಗದ ದಾರಿ ಅದೇ, ಎರಡನ್ನೂ ಬೆರೆಸುವುದು. 600ರ ನೀರಿಗೆ ಅಷ್ಟೇ ಪ್ರಮಾಣದ 100ರ ನೀರು ಸೇರಿಸಿದರೆ 350. ನೆದರ್ಲೆಂಡ್ಸ್‌ನಲ್ಲಿ ಮನೆಮನೆಯೂ ಯಂತ್ರ ಕೊಳ್ಳುವ ಬದಲು ನೀರು ಸರಬರಾಜು ಕೇಂದ್ರದಲ್ಲೇ ಸುಣ್ಣ ತೆಗೆದು ಕಳಿಸುತ್ತಾರೆ. ಒಂದು ಕಡೆ ಮಾಡಿದರೆ ಸಾವಿರ ಕಡೆ ಮಾಡುವುದಕ್ಕಿಂತ ಅಗ್ಗ. ನಮ್ಮಲ್ಲಿ ಬೋರಿನ ನೀರಿಗೆ ಕ್ಲೋರಿನ್ ಹಾಕುವುದೇ ದೊಡ್ಡದು. ಯಾವ ವಾರ್ಡಿಗೆ ಎಂಥ ನೀರು ಬಿಡುತ್ತಿದ್ದಾರೆ ಅಂತ ಒಂದು ಬೋರ್ಡಿನಲ್ಲಿ ಬರೆದು ಹಾಕಲು ಖರ್ಚೇನೂ ಇಲ್ಲ. ಅದನ್ನಾದರೂ ಕೇಳಬಹುದಲ್ವಾ?

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತರುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ತಂದು ಕೆರೆ ತುಂಬಿಸುವ ಯೋಜನೆ ಅದು. ಕೆರೆಗಳ ಸುತ್ತ ಅಂತರ್ಜಲ ಮೇಲೆ ಬಂದಿದ್ದು ನಿಜ, ಸತ್ತ ಬೋರುಗಳು ಎದ್ದವು. ನೊರೆ ಬಂದು ವಿಷಯ ಕೋರ್ಟಿಗೆ ಹೋಗಿದ್ದೂ ನಿಜ. ನೀರು ಶುದ್ಧೀಕರಣ ಎರಡು ಹಂತಕ್ಕೆ ಸಾಕೋ, ಮೂರನೇ ಹಂತ ಬೇಕೋ ಅನ್ನುವ ಜಗಳ ಮುಗಿದಿಲ್ಲ. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು. ಎರಡು ಹಂತದ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತದೆ, ಕರಗಿದ ಲವಣವನ್ನಲ್ಲ. ಆ ನೀರು ಬೋರಿನ ಮಟ್ಟ ಏರಿಸಬಹುದು. ಬೇಳೆ ಬೇಯಿಸುತ್ತದೆ ಅಂತ ಕಾಯುವ ಹಾಗಿಲ್ಲ. ಪಶ್ಚಿಮ ಘಟ್ಟದ ಮೆದು ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಚಾಲನೆ ಸಿಕ್ಕಿತು. ಅಲ್ಲಿಂದ ಕೋಲಾರ ದೂರ.

ಹತ್ತಿರ ಇರುವುದು ನಮ್ಮ ತಾರಸಿ. ಸಾವಿರ ಚದರ ಅಡಿ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲೊಂದು ಪಾಲು ಪೋಲಾದರೂ 50 ಸಾವಿರ ಲೀಟರ್ ಸಿಗುತ್ತದೆ. ಗಡಸುತನ ಸೊನ್ನೆಗೆ ಹತ್ತಿರ, ಫ್ಲೋರೈಡ್ ಚಿಂತೆ ಇಲ್ಲ. ಎಲ್ಲವನ್ನೂ ಹಿಡಿದಿಡಲು ಯಾರ ಮನೆಯಲ್ಲೂ ಜಾಗ ಇಲ್ಲ. ಅಡುಗೆಗೆ, ಕುಡಿಯಲು ದಿನಕ್ಕೆ 30 ಲೀಟರ್ ಅಂದರೆ ವರ್ಷಕ್ಕೆ 11 ಸಾವಿರ ಲೀಟರ್ ಸಾಕು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮರಳು, ಜಲ್ಲಿ, ಇದ್ದಿಲಿನ ಮೂಲಕ ಸೋಸಿ, ಕತ್ತಲಲ್ಲಿ ಮುಚ್ಚಿಟ್ಟರೆ ಕೆಡುವುದಿಲ್ಲ. ಕುಡಿಯುವುದಾದರೆ ಕುದಿಸಿಕೊಳ್ಳಿ. ಹಕ್ಕಿಗಳು ತಾರಸಿಯನ್ನು ನಮ್ಮ ಹಾಗೆ ಗುಡಿಸುವುದಿಲ್ಲ.

ನಾವು ಹಾಕಿರುವುದು ಎರಡು ಸಾವಿರ ಲೀಟರಿನ ಒಂದು ಕಪ್ಪು ಟ್ಯಾಂಕ್, ಅಡುಗೆಮನೆ ಕಿಟಕಿಯ ಪಕ್ಕ. ಸಾಫ್ಟ್‌ನರ್ ತರಲಿಲ್ಲ. ಕಳೆದ ವರ್ಷ ಅಕ್ಟೋಬರ್ ಮಳೆಗೆ ತುಂಬಿದ್ದು, ಬರೀ ಬೇಳೆಕಾಳಿಗೆ, ಕಾಫಿಗೆ, ಅನ್ನಕ್ಕೆ ಬಳಸಿದರೂ ಸಂಕ್ರಾಂತಿಗೆ ಎಂಟು ದಿನ ಮುಂಚೆ ತಳ ಕಂಡಿತು. ಹಬ್ಬಕ್ಕೆ ಹಿದುಕಿದ ಅವರೆಬೇಳೆ ಹೇಗೋ ಬೆಂದಿತು, ಹಸಿ ಕಾಳಲ್ವಾ. ಆಮೇಲಿನ ಹುರುಳಿಕಾಳಿಗೆ ಅಮ್ಮ ಮತ್ತೆ ಸೋಡಾ ಡಬ್ಬಿ ಹುಡುಕಿದರು. ಈ ಸಲ ಪಕ್ಕದಲ್ಲಿ ಇನ್ನೊಂದು ಟ್ಯಾಂಕಿಗೆ ಕಟ್ಟೆ ಕಟ್ಟಿಸಿದ್ದೇವೆ.